ಮಂಚದಲ್ಲಿ ತಿಗಣೆ ಇದೆಯೇ? ಗುರುತಿಸುವುದು ಹೀಗೆ

ಬೆಳಿಗ್ಗೆ ಏಳುವಾಗ ತೋಳಿನ ಮೇಲೆ ಮೂರ್ನಾಲ್ಕು ಗಂದೆಗಳು ಎದ್ದಿದ್ದರೆ ಹೆಚ್ಚಿನವರು ಸೊಳ್ಳೆಯನ್ನು ಬೈದು ಸುಮ್ಮನಾಗುತ್ತಾರೆ. ತಿಗಣೆಯ ಅನುಮಾನ ಬಂದವರು ಅಂಗಡಿಯಿಂದ ಔಷಧ ತಂದು ಹಾಸಿಗೆಯ ಮೇಲೆಲ್ಲ ಸಿಂಪಡಿಸುತ್ತಾರೆ. ಎರಡೂ ಅವಸರದ ಕೆಲಸ. ಕಚ್ಚಿದ ಗುರುತನ್ನಷ್ಟೇ ನೋಡಿ ತಿಗಣೆಯೆಂದು ಖಚಿತವಾಗಿ ಹೇಳಲು ವೈದ್ಯರಿಗೂ ಆಗದು, ಏಕೆಂದರೆ ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರ ಮೈಯೆಲ್ಲ ದದ್ದೆದ್ದು ಇನ್ನೊಬ್ಬರಿಗೆ ಏನೂ ಆಗದಿರಬಹುದು. ಹುಳವನ್ನೋ ಅದು ಬಿಟ್ಟುಹೋದ ಕುರುಹನ್ನೋ ಕಣ್ಣಾರೆ ಕಾಣಬೇಕು. ಅದಕ್ಕೆ ಒಂದು ಟಾರ್ಚು, ಒಂದು ಭೂತಗನ್ನಡಿ, ಹಳೆಯ ಎಟಿಎಂ ಕಾರ್ಡು, ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರು ಮತ್ತು ಸ್ವಲ್ಪ ಅಂಟುಪಟ್ಟಿ ಇದ್ದರೆ ಸಾಕು.

ಮೊದಲು ಹೊದಿಕೆಗಳನ್ನು ಕೊಡವದೆ ನಿಧಾನವಾಗಿ ಮಡಚಿ ತೆಗೆಯಿರಿ. ಕೊಡವಿದರೆ ಹುಳಗಳು ಕೋಣೆಯೆಲ್ಲ ಚದುರುತ್ತವೆ. ಆಮೇಲೆ ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸುತ್ತ, ತಲೆದಿಂಬಿನ ಕಡೆಯಿಂದ ಆರಂಭಿಸಿ ಸುತ್ತಲೂ ಟಾರ್ಚು ಹಿಡಿದು ನೋಡಬೇಕು. ಅನಂತರ ಮಂಚದ ಸರದಿ: ಕಾಲಿಗೂ ಅಡ್ಡಪಟ್ಟಿಗೂ ಸೇರುವ ಸಂದು, ಮೊಳೆ ಮತ್ತು ತಿರುಪಿನ ತೂತು, ಹಲಗೆಯ ಬಿರುಕು, ಹಗ್ಗದ ಮಂಚವಾದರೆ ಹೆಣಿಗೆ ಗಂಟುಬಿದ್ದ ಜಾಗ. ಕಾರ್ಡಿನ ಅಂಚು ನುಸುಳುವಷ್ಟು ಸೀಳು ಇದ್ದಲ್ಲಿ ಹಸಿದ ತಿಗಣೆಯೂ ನುಸುಳಬಲ್ಲದು; ಆದ್ದರಿಂದ ಅಂಥ ಸೀಳುಗಳಲ್ಲಿ ಕಾರ್ಡನ್ನು ಹಾಯಿಸಿ ಒಳಗಿರುವುದನ್ನು ಹೊರಗೆ ಎಳೆಯಬೇಕು. ಮುತ್ತಿಗೆ ಹೆಚ್ಚಿದ್ದರೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆಯೂ ಸ್ವಿಚ್ ಬೋರ್ಡಿನ ಅಂಚಿನಲ್ಲೂ ಅವು ಸಿಗುತ್ತವೆ. ವಿದ್ಯಾರ್ಥಿ ದಿನಗಳ ಹಾಸ್ಟೆಲಿನಲ್ಲಿ ನಾವು ವಾರವಿಡೀ ಹಾಸಿಗೆಯನ್ನೇ ಜಾಲಾಡಿ ಸೋತೆವು. ಕೊನೆಗೆ ಅವು ಸಿಕ್ಕಿದ್ದು ಪುಸ್ತಕ ಓದಲು ಕೂರುತ್ತಿದ್ದ ಮರದ ಕುರ್ಚಿಯ ತಳದಲ್ಲಿ.

ಹುಳ ಕಾಣುವ ಮೊದಲು ಕಾಣುವುದು ಕುರುಹು. ಹೊಲಿಗೆಯ ಉದ್ದಕ್ಕೂ ಶಾಯಿಪೆನ್ನಿನಿಂದ ಇಟ್ಟಂಥ ಕಪ್ಪು ಚುಕ್ಕೆಗಳು ಗುಂಪಾಗಿದ್ದರೆ ಅವು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಆ ಚುಕ್ಕೆ ಕಂದುಗೆಂಪಾಗಿ ಹರಡುತ್ತದೆ. ಧೂಳಾಗಲಿ ಮಸಿಯಾಗಲಿ ಹೀಗೆ ಬಣ್ಣ ಬಿಡುವುದಿಲ್ಲ. ಜೊತೆಗೆ ಮರಿಗಳು ಕಳಚಿದ ಪೊರೆಗಳು ಸಿಗುತ್ತವೆ. ಜೇನುಬಣ್ಣದ, ಒಳಗೆ ಟೊಳ್ಳಾದ, ಥೇಟು ಹುಳದದೇ ಆಕಾರದ ಈ ಪೊರೆಯನ್ನು ಅಂಟುಪಟ್ಟಿಗೆ ಅಂಟಿಸಿಟ್ಟುಕೊಂಡರೆ ನಿಧಾನವಾಗಿ ಪರೀಕ್ಷಿಸಬಹುದು.

ಇನ್ನು ಹುಳದ ರೂಪ. ಬೆಳೆದ ತಿಗಣೆ ಸುಮಾರು ಐದಾರು ಮಿಲಿಮೀಟರ್ ಉದ್ದವಿದ್ದು, ಹಸಿದಾಗ ಮೇಲಿನಿಂದ ಒತ್ತಿ ಚಪ್ಪಟೆ ಮಾಡಿದ ಕಂದುಗೆಂಪು ಬೀಜದಂತೆ ಕಾಣುತ್ತದೆ. ರಕ್ತ ಕುಡಿದ ಮೇಲೆ ಅದೇ ಹುಳ ಉದ್ದಕ್ಕೆ ಉಬ್ಬಿ ಕಡುಗೆಂಪಾಗುವುದರಿಂದ ಬೇರೆಯೇ ಜಾತಿಯೆಂದು ಭ್ರಮೆ ಹುಟ್ಟಿಸುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆರು ಕಾಲು, ನಾಲ್ಕು ಗೆಣ್ಣಿನ ಎರಡು ಮೀಸೆ, ತಲೆಯ ಎರಡೂ ಬದಿಗೆ ಚಾಚಿದ ಕಪ್ಪು ಕಣ್ಣು, ಮೈಮೇಲೆ ಹೊಂಬಣ್ಣದ ಸಣ್ಣ ರೋಮ ಕಾಣುತ್ತವೆ. ರೆಕ್ಕೆಯ ಜಾಗದಲ್ಲಿ ಎರಡು ಮೊಟಕು ತುಂಡುಗಳಷ್ಟೇ ಉಳಿದಿವೆ. ಅದು ಹಾರದು, ಚಿಗಟದಂತೆ ನೆಗೆಯದು, ನಡೆಯುತ್ತದೆ ಅಷ್ಟೆ. ಹೊಟ್ಟೆಯ ತುದಿ ಚೂಪಾಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು. ಆಗತಾನೆ ಮೊಟ್ಟೆಯೊಡೆದ ಮರಿ ಒಂದೂವರೆ ಮಿಲಿಮೀಟರ್ ಇದ್ದು ಬಹುಮಟ್ಟಿಗೆ ಪಾರದರ್ಶಕವಾಗಿರುತ್ತದೆ, ಬಿಳಿ ಹಾಸಿನ ಮೇಲೆ ಕಣ್ಣಿಗೇ ಬೀಳುವುದಿಲ್ಲ. ಒಮ್ಮೆ ಕುಡಿದರೆ ಮಾತ್ರ ಹೊಟ್ಟೆಯೊಳಗಿನ ರಕ್ತ ಕುಂಕುಮದ ಬೊಟ್ಟಿನಂತೆ ಹೊರಗೆ ಕಾಣುತ್ತದೆ.

ಗೊಂದಲವಾಗುವ ಹುಳಗಳೂ ಇವೆ. ನಾಯಿಯ ಉಣ್ಣೆಯಾದರೆ ಕಾಲು ಎಂಟು. ಜಿರಳೆಮರಿಯ ಮೀಸೆ ಮೈಯಷ್ಟೇ ಉದ್ದ, ಓಟವೂ ಬಿರುಸು. ಬಾವಲಿಗಳ ಮೇಲೆ ಬದುಕುವ ತಿಗಣೆಯ ಬಳಗದ ಹುಳವನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕ ಬೇಕು, ಮನೆಯಲ್ಲಿ ಅದು ಆಗದ ಮಾತು.

ಮನುಷ್ಯರನ್ನು ಕಚ್ಚುವ ಮುಖ್ಯ ಪ್ರಭೇದಗಳು ಎರಡು. ತಂಪು ನಾಡುಗಳಲ್ಲಿ ಹೆಚ್ಚಾಗಿರುವುದು ಸೈಮೆಕ್ಸ್ ಲೆಕ್ಟುಲೇರಿಯಸ್. ನಮ್ಮಂಥ ಬೆಚ್ಚನೆಯ ಸೀಮೆಯದು ಸೈಮೆಕ್ಸ್ ಹೆಮಿಪ್ಟೆರಸ್. ತಲೆಯ ಹಿಂದಿನ ಕೊರಳಪಟ್ಟಿಯಂಥ ಭಾಗ ಮೊದಲನೆಯದರಲ್ಲಿ ಅಗಲ, ಎರಡನೆಯದರಲ್ಲಿ ಕಿರಿದು. ಈ ವ್ಯತ್ಯಾಸ ವಿಜ್ಞಾನಿಗಳಿಗೆ ಮಾತ್ರ ಬೇಕಾದದ್ದಲ್ಲ. ಮಂಚದ ಕಾಲಿನ ಕೆಳಗೆ ಇಡುವ ನುಣುಪು ಬಟ್ಟಲಿನ ಬೋನಿಗೆ ಬಿದ್ದ ಮೊದಲ ಜಾತಿ ಸಾಮಾನ್ಯವಾಗಿ ಮೇಲೇರಲಾಗದೆ ಸಿಕ್ಕಿಬೀಳುತ್ತದೆ, ಆದರೆ ಹೆಮಿಪ್ಟೆರಸ್ಸಿನ ಕಾಲಲ್ಲಿ ಅಂಟುರೋಮಗಳು ಹೆಚ್ಚಿರುವುದರಿಂದ ಅದು ನುಣುಪು ಗೋಡೆ ಹತ್ತಿ ಪಾರಾಗಬಲ್ಲದು. ಬೋನು ಖಾಲಿಯಿದೆ ಎಂಬ ಕಾರಣಕ್ಕೆ ನಮ್ಮಲ್ಲಿ ನಿಶ್ಚಿಂತೆಯಿಂದಿರುವಂತಿಲ್ಲ.

ತಿಗಣೆ ನಮ್ಮನ್ನು ಹುಡುಕುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಶಾಖ ಮತ್ತು ವಾಸನೆಯ ಜಾಡು ಹಿಡಿದು. ತಲೆಯಡಿ ಮಡಚಿಟ್ಟ ಸೊಂಡಿಲನ್ನು ಮುಂದಕ್ಕೆ ಚಾಚಿ ಸೂಜಿಯಂಥ ಎಳೆಗಳನ್ನು ಚರ್ಮಕ್ಕೆ ಇಳಿಸುತ್ತದೆ. ಆ ಎಳೆಗಳಲ್ಲಿ ಎರಡು ಕೊಳವೆಗಳಿದ್ದು, ಒಂದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೊಲ್ಲು ಒಳಹೋದರೆ ಇನ್ನೊಂದರಲ್ಲಿ ರಕ್ತ ಮೇಲೇರುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಊಟ ಮುಗಿಸಿ ಮರಳಿ ಸಂದು ಸೇರುತ್ತದೆ. ತುರಿಕೆಗೆ ಆ ಜೊಲ್ಲೇ ಕಾರಣ. ಸಮಾಧಾನದ ಸಂಗತಿಯೆಂದರೆ ತಿಗಣೆ ಕಚ್ಚುವುದರಿಂದ ಮನುಷ್ಯರಿಗೆ ರೋಗ ಹರಡುತ್ತದೆಂಬುದು ಇದುವರೆಗೆ ಸಾಬೀತಾಗಿಲ್ಲ. ಬರೀ ರಕ್ತದಲ್ಲಿ ಬಿ ವಿಟಮಿನ್ನುಗಳು ಸಾಲದ್ದರಿಂದ ಆ ಕೊರತೆಯನ್ನು ಅದರ ಮೈಯೊಳಗೇ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ತುಂಬಿಕೊಡುತ್ತದೆ.

ಇವುಗಳ ಕೂಡುವಿಕೆ ಕ್ರೂರವಾದದ್ದು. ಗಂಡು ಹೆಣ್ಣಿನ ಹೊಟ್ಟೆಯ ಚರ್ಮವನ್ನೇ ಚುಚ್ಚಿ ವೀರ್ಯ ಸೇರಿಸುತ್ತದೆ. ಆ ಗಾಯವನ್ನು ತಾಳಿಕೊಳ್ಳಲೆಂದೇ ಹೆಣ್ಣಿನಲ್ಲಿ ಒಂದು ವಿಶೇಷ ಅಂಗ ಬೆಳೆದಿದೆ. ಅನಂತರ ಹೆಣ್ಣು ದಿನಕ್ಕೆ ಒಂದರಿಂದ ಐದರಷ್ಟು, ಒಂದು ಮಿಲಿಮೀಟರ್ ಉದ್ದದ, ಮುತ್ತಿನ ಬಿಳುಪಿನ ಮೊಟ್ಟೆಗಳನ್ನು ಬಿರುಕಿಗೆ ಅಂಟಿಸುತ್ತದೆ. ಬೆಚ್ಚನೆಯ ಹವೆಯಲ್ಲಿ ವಾರ, ಹತ್ತು ದಿನದೊಳಗೆ ಮರಿ ಹೊರಬರುತ್ತದೆ, ಐದು ಹಂತ ದಾಟುತ್ತದೆ, ಪ್ರತಿ ಹಂತದಲ್ಲೂ ಪೊರೆ ಕಳಚುವ ಮೊದಲು ಒಮ್ಮೆಯಾದರೂ ರಕ್ತ ಕುಡಿಯಲೇಬೇಕು. ರಕ್ತ ಸಿಗುತ್ತಿದ್ದರೆ ಐದಾರು ವಾರದಲ್ಲಿ ಅದೂ ಮೊಟ್ಟೆಯಿಡಲು ಸಿದ್ಧ. ಸಿಗದಿದ್ದರೂ ಬೆಳೆದ ಹುಳ ತಿಂಗಳುಗಟ್ಟಲೆ ಉಪವಾಸವಿರಬಲ್ಲದಾದ್ದರಿಂದ ನಾಲ್ಕು ದಿನ ಪಕ್ಕದ ಕೋಣೆಯಲ್ಲಿ ಮಲಗುವುದು ಪರಿಹಾರವಲ್ಲ.

ಗುರುತಿಸಿದ ಮೇಲೆ ಮಾಡಬೇಕಾದ ಕೆಲಸವೂ ಈ ಜೀವನಕ್ರಮಕ್ಕೆ ಹೊಂದಿಕೊಂಡಿರಬೇಕು. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹಾಸಿಗೆಯನ್ನು ಬರೀ ಬಿಸಿಲಿಗೆ ಹಾಕಿದರೆ ಒಳಗಿನ ಹತ್ತಿ ಅಷ್ಟು ಕಾಯುವುದಿಲ್ಲ, ಹುಳಗಳು ನೆರಳಿನ ಮಗ್ಗುಲಿಗೆ ಸರಿದು ಕೂರುತ್ತವೆ. ಮಂಚದ ಸಂದಿಗೆ ಕುದಿಯುವ ನೀರು ಹೊಯ್ಯುವ ನಮ್ಮ ಅಜ್ಜಿಯರ ಪದ್ಧತಿ ತಪ್ಪಲ್ಲ, ಆದರೆ ನೀರು ಮುಟ್ಟಿದಲ್ಲಿ ಮಾತ್ರ ಅದರ ಫಲ. ಸೀಮೆಎಣ್ಣೆ ಸುರಿಯುವುದು ಮಾತ್ರ ಬೆಂಕಿಗೆ ಆಹ್ವಾನ. ಡಿಡಿಟಿಗೆ 1940ರ ದಶಕದಲ್ಲೇ ಸೆಡ್ಡು ಹೊಡೆದ ತಿಗಣೆಗಳು ಈಗಿನ ಪೈರೆಥ್ರಾಯ್ಡ್ ಔಷಧಗಳಿಗೂ ಹಲವೆಡೆ ಬಗ್ಗುತ್ತಿಲ್ಲ, ಹೆಚ್ಚಿನ ಔಷಧಗಳು ಮೊಟ್ಟೆಯನ್ನಂತೂ ಚೆನ್ನಾಗಿ ತಾಗುವುದಿಲ್ಲ. ಆದ್ದರಿಂದ ಮೊದಲ ಚಿಕಿತ್ಸೆಯ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಉಳಿದ ಮೊಟ್ಟೆಗಳೆಲ್ಲ ಒಡೆದಿರಬಹುದಾದ ಎರಡು ವಾರದ ಹೊತ್ತಿಗೆ, ಆ ಮರಿಗಳು ದೊಡ್ಡವಾಗಿ ಮೊಟ್ಟೆಯಿಡುವ ಮುನ್ನ, ಅದೇ ಟಾರ್ಚು ಅದೇ ಕಾರ್ಡು ಹಿಡಿದು ಮತ್ತೆ ಮೊದಲ ಹೊಲಿಗೆಯಿಂದ ಆರಂಭಿಸಬೇಕು. ಕ್ಯಾಲೆಂಡರಿನ ಹಿಂಬದಿಯನ್ನೂ ಆಗ ತಿರುಗಿಸಿ ನೋಡಿ.