ದುಬೈಯ ಎಕ್ಸ್‌ಪೋ ಸಿಟಿಯಲ್ಲಿ ನಮ್ಮ ಬಂದರಿನ ಅತಿಥಿ

ಮಂಗಳೂರಿನ ಬಂದರಿನಲ್ಲಿ ಮೂವತ್ತು ವರ್ಷ ಕಾಳುಮೆಣಸು, ಶುಂಠಿಯ ವ್ಯಾಪಾರ ಮಾಡಿದವನು ನಾನು. ಮಗಳ ಸಂಸಾರ ದುಬೈಯಲ್ಲಿದೆ. ಜನವರಿಯಲ್ಲಿ ಬಜ್ಪೆಯಿಂದ ವಿಮಾನ ಹತ್ತುವಾಗಲೇ ಎಕ್ಸ್‌ಪೋ ಸಿಟಿಯನ್ನು ನೋಡಿಯೇ ಬರಬೇಕೆಂದು ನಿಶ್ಚಯಿಸಿದ್ದೆ. ಕೊರೊನಾದಿಂದಾಗಿ ಮುಂದೆ ಹೋದ 2020ರ ವಿಶ್ವ ಮೇಳ 2021ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನಡೆದದ್ದು ಅಲ್ಲಿಯೇ. 192 ದೇಶಗಳು ಸೇರಿದ್ದ ಆ ಮೇಳಕ್ಕೆ ಆಗ ನನಗೆ ಹೋಗಲಾಗಿರಲಿಲ್ಲ.

ಮೆಟ್ರೋದ ಕೆಂಪು ಮಾರ್ಗದಲ್ಲಿ ಎಕ್ಸ್‌ಪೋ ನಿಲ್ದಾಣದವರೆಗೆ ಹೋದರೆ ಜಾಗ ಎದುರಿಗೇ ಇದೆ. ಮೊದಲ ದಿನ ಎಲ್ಲವನ್ನೂ ನೋಡಿಬಿಡುವ ಆಸೆಯಿಂದ ನಡುಮಧ್ಯಾಹ್ನ ಹೊರಟು ತಪ್ಪು ಮಾಡಿದೆ. 438 ಹೆಕ್ಟೇರ್ ಜಾಗವದು. ಸುತ್ತಿ ಸುತ್ತಿ ಕಾಲು ಸೋತಿತು. ‘ಅಲಿಫ್’ ಮಂಟಪದ ಬಾಗಿಲವರೆಗೆ ಹೋಗಿ ಮರಳಿದೆವು.

ಎರಡನೆಯ ದಿನ ಬೆಳಿಗ್ಗೆಯೇ ಅಲಿಫ್‌ಗೆ ಹೋದೆವು. ಮನುಷ್ಯನ ಸಂಚಾರದ ಕಥೆ ಹೇಳುವ ಮಂಟಪವಿದು. ಒಮ್ಮೆಗೆ 160 ಜನರನ್ನು ಹೊರುವ ಲಿಫ್ಟ್ ಮೇಲಕ್ಕೆ ಒಯ್ಯುತ್ತದೆ. ನೋಡುತ್ತಾ ನೋಡುತ್ತಾ ಕೆಳಗಿಳಿಯಬೇಕು. ಅಲ್ಲಿ ಒಂಬತ್ತು ಮೀಟರ್ ಎತ್ತರದ ಪ್ರತಿಮೆಗಳಿವೆ. ಅವುಗಳಲ್ಲಿ ಒಂದರ ಮುಂದೆ ನಾನು ನಿಂತುಬಿಟ್ಟೆ: ಇಬ್ನ್ ಬತೂತ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮೂರಿಗೆ ಬಂದಿದ್ದ ಯಾತ್ರಿಕ! ಮಂಗಳೂರನ್ನು ‘ಮಂಜರೂರು’ ಎಂದು ಕರೆದವರು. ಪರ್ಷಿಯಾ, ಯೆಮನ್‌ಗಳ ವರ್ತಕರು ಬಂದಿಳಿಯುವುದನ್ನೂ ಇಲ್ಲಿ ಮೆಣಸು, ಶುಂಠಿ ಹೇರಳವಾಗಿ ಸಿಗುವುದನ್ನೂ ಬರೆದಿಟ್ಟವರು. ಆ ಎರಡೇ ಸರಕಿನಿಂದ ನನ್ನ ಮನೆ ನಡೆದದ್ದು. ಚರ್ಮದ ಸುಕ್ಕುಗಳನ್ನೂ ಕಾಣಿಸುವಂತೆ ಮಾಡಿದ ಆ ಮುಖವನ್ನು ನೋಡುತ್ತಾ ನನಗೆ ಗೋಣಿಯ ವಾಸನೆಯೇ ಮೂಗಿಗೆ ಬಂದಂತಾಯಿತು.

“ಅಜ್ಜ, ಇವರು ನಿಮ್ಮ ಅಂಗಡಿಗೆ ಬಂದಿದ್ದರೇ?” ಎಂದು ಮೊಮ್ಮಗ ಕೇಳಿದ. ಅಂಗಡಿ ಆಗ ಇರಲಿಲ್ಲ, ಆದರೆ ಬಂದರಿಗೆ ಬಂದಿದ್ದರು ಎಂದೆ. ಪಕ್ಕದಲ್ಲೇ ಅರಬ್ಬೀ ಸಮುದ್ರದ ಗಾಳಿಯನ್ನು ಅರೆದು ಕುಡಿದಿದ್ದ ನಾವಿಕ ಇಬ್ನ್ ಮಾಜಿದ್ ಇದ್ದಾರೆ. ನಮ್ಮ ಮಂಜಿಗಳು, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಗಳು, ಮಳೆಗಾಲದಲ್ಲಿ ಏಕೆ ಹೊರಡುವುದಿಲ್ಲ ಎಂಬುದನ್ನು ಅಲ್ಲಿಯೇ ನಿಂತು ಮೊಮ್ಮಗನಿಗೆ ವಿವರಿಸಿದೆ. ಒಂದು ಗಂಟೆ ಕಳೆದದ್ದು ತಿಳಿಯಲಿಲ್ಲ.

‘ಟೆರ್ರಾ’ ಮಂಟಪದ ಸೌರಫಲಕಗಳ ಅಗಲವಾದ ಚಾವಣಿಯೂ ಒಳ್ಳೆಯದೇ. ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಹೋಗುವವರು ಮಂಟಪಗಳಿಗೆ ಟಿಕೆಟ್ ಮಾಡಿಸಿಕೊಳ್ಳಿ, ಒಂದು ದಿನಕ್ಕೆ ಎರಡೇ ಸಾಕು. ಬೇಸಿಗೆಯಲ್ಲಂತೂ ಬೇಡ. ಸಂಜೆಯನ್ನು ಅಲ್ ವಸ್ಲ್ ಚೌಕಕ್ಕೆ ಮೀಸಲಿಡಿ. 67.5 ಮೀಟರ್ ಎತ್ತರದ ಉಕ್ಕಿನ ಗುಮ್ಮಟದ ಕೆಳಗೆ ಕುಳಿತರೆ ಕತ್ತಲಾದಂತೆ ಸುತ್ತಲೂ ಚಿತ್ರಗಳು ಹರಿದಾಡುತ್ತವೆ. ಮೊಮ್ಮಗ ನನ್ನ ತೊಡೆಯ ಮೇಲೆ ತಲೆಯಿಟ್ಟು ನೋಡುತ್ತಿದ್ದವನು ಹಾಗೆಯೇ ನಿದ್ದೆಹೋದ.