ಶಾಸನದ ತಿಥಿಯನ್ನು ಕ್ರಿ.ಶ. ತಾರೀಖಿಗೆ ತರುವ ಬಗೆ

ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಕಾಲ ಹೇಳುವ ಸಾಲಿಗೆ ಸಾಮಾನ್ಯವಾಗಿ ಐದು ಅಂಗ: ಶಕವರ್ಷ, ಸಂವತ್ಸರ, ಮಾಸ, ಪಕ್ಷ-ತಿಥಿ, ವಾರ. ಶಕವರ್ಷಕ್ಕೆ 78 ಕೂಡಿಸಿ ಅಷ್ಟಕ್ಕೇ ನಿಲ್ಲಿಸುವವರು ಬಹಳ. ಒಂದು ವರ್ಷದ ತಪ್ಪು ನುಸುಳುವುದು ಅಲ್ಲೇ. ಉಳಿದ ನಾಲ್ಕನ್ನೂ ತಾಳೆ ನೋಡಿದರೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಬೇಲೂರಿನ ಶಾಸನವನ್ನೇ ತೆಗೆದುಕೊಳ್ಳೋಣ. ಹೊಯ್ಸಳ ದೊರೆ ವಿಷ್ಣುವರ್ಧನ ವಿಜಯನಾರಾಯಣ ದೇವರನ್ನು ಪ್ರತಿಷ್ಠಿಸಿದ ದಿನ: ಶಕ 1039, ಹೇಮಳಂಬಿ ಸಂವತ್ಸರ, ಚೈತ್ರ ಶುದ್ಧ 5, ಶನಿವಾರ.

ಮೊದಲು ಸಂವತ್ಸರ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಬರುವ ಶೇಷವೇ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಕೊನೆಯದಾದ ಅಕ್ಷಯ. ಇಲ್ಲಿ 1051, ಶೇಷ 31. ಮೂವತ್ತೊಂದನೆಯದು ಹೇಮಳಂಬಿಯೇ, ಅಂದರೆ ಶಾಸನ ಕೊಟ್ಟಿರುವುದು ಗತವರ್ಷ (ಮುಗಿದ ವರ್ಷಗಳ ಎಣಿಕೆ). ಲೆಕ್ಕದ ಸಂವತ್ಸರ ಶಾಸನದ್ದಕ್ಕಿಂತ ಒಂದು ಮುಂದೆ ಬಂದರೆ ಅದು ವರ್ತಮಾನ ವರ್ಷ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ). ಶಕದಿಂದ ಒಂದು ಕಳೆದು ಮುಂದುವರಿಯಿರಿ. ಅಂಕಿ ಒಂದು ಹೇಳಿ ಸಂವತ್ಸರ ಇನ್ನೊಂದು ಹೇಳಿದರೆ ನಾವು ಸಂವತ್ಸರದ ಹೆಸರನ್ನೇ ನಂಬುತ್ತೇವೆ. ಕಲ್ಲು ಸವೆದಾಗ ಅಂಕಿಯನ್ನು ತಪ್ಪಾಗಿ ಓದುವುದು ಸುಲಭ, ಹೆಸರಿನಲ್ಲಿ ಎರಡು ಅಕ್ಷರ ಉಳಿದರೂ ಗುರುತು ಹತ್ತುತ್ತದೆ. ಹತ್ತನೆಯ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಸೂತ್ರ ಹೊಂದದಿರಬಹುದು. ಗುರುಗ್ರಹದ ಗತಿಯಂತೆ ಸಂವತ್ಸರ ಎಣಿಸುವ ಬೇರೆ ಪದ್ಧತಿಯೂ ಆಗ ಇತ್ತು.

ಶಕದ ಬದಲು ಚಾಳುಕ್ಯ ವಿಕ್ರಮ ವರ್ಷ (ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಶುರುಮಾಡಿದ ಎಣಿಕೆ) ಕೊಟ್ಟಿದ್ದರೆ 1075 ಕೂಡಿಸಿ, ಸಂವತ್ಸರದಿಂದ ಖಚಿತಪಡಿಸಿಕೊಳ್ಳಿ.

ಇನ್ನು ಗತಶಕಕ್ಕೆ 78 ಕೂಡಿಸಿದರೆ 1117. ಮಾಘ, ಫಾಲ್ಗುಣ ಬಂದರೆ ಸಾಮಾನ್ಯವಾಗಿ 79, ಏಕೆಂದರೆ ಅಷ್ಟರಲ್ಲಿ ಜನವರಿ 1 ದಾಟಿರುತ್ತದೆ. ಹುಷಾರಾಗಿರಬೇಕಾದದ್ದು ಪುಷ್ಯದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಉತ್ತರಾಯಣ ಸಂಕ್ರಾಂತಿ ಡಿಸೆಂಬರ್ 24-25ರ ಹೊತ್ತಿಗೆ ಬೀಳುತ್ತಿತ್ತು. ಹಾಗಾಗಿ ಪುಷ್ಯದ ಒಂದು ಭಾಗ ಹಳೆಯ ವರ್ಷದಲ್ಲಿ, ಇನ್ನೊಂದು ಹೊಸ ವರ್ಷದಲ್ಲಿ ಇರಬಹುದು. ಈಗಿನ ಜನವರಿ 14ನ್ನು ಮನಸ್ಸಿನಲ್ಲಿಟ್ಟುಕೊಂಡು 79 ಕೂಡಿಸಿದರೆ ಸಂಕ್ರಾಂತಿಯ ದಾನಶಾಸನಗಳೆಲ್ಲ ಒಂದು ವರ್ಷ ಮುಂದೆ ಹೋಗುತ್ತವೆ.

ತಿಥಿ-ವಾರಕ್ಕೆ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳಿವೆ, ಕ್ರಿ.ಶ. 700ರಿಂದ 1799ರವರೆಗೆ ಸಿಗುತ್ತದೆ. ಬೇಲೂರಿನ ದಿನ 1117ರ ಮಾರ್ಚ್ 10, ಶನಿವಾರ, ಸೂರ್ಯೋದಯಕ್ಕೆ ಪಂಚಮಿ. ಐದೂ ಅಂಗ ಕೂಡಿಬಂದವು. ಕನ್ನಡ ನಾಡಿನ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ ಎಂಬುದು ನೆನಪಿರಲಿ. ಹುಣ್ಣಿಮೆಗೆ ಮಾಸ ಮುಗಿಸುವ ಉತ್ತರದ ಕ್ರಮದ ಪಂಚಾಂಗ ಹಿಡಿದರೆ ಬಹುಳ ಪಕ್ಷದ ತಾರೀಖು ಒಂದು ತಿಂಗಳು ಜರುಗುತ್ತದೆ. ಶಾಸನಗಳಲ್ಲಿ ಬರುವ ವಡ್ಡವಾರವನ್ನು ಶನಿವಾರ ಎಂದು ಹಿಡಿಯುವುದು ರೂಢಿ.

ಗಣಕಯಂತ್ರದಲ್ಲಿ ಲೆಕ್ಕ ಹಾಕುವವರು ಜೂಲಿಯನ್ ಕ್ಯಾಲೆಂಡರನ್ನೇ ಆಯ್ದುಕೊಳ್ಳಬೇಕು. 1582ಕ್ಕೆ ಮೊದಲಿನ ತಾರೀಖುಗಳನ್ನು ಇತಿಹಾಸಕಾರರು ಕೊಡುವುದು ಅದರಲ್ಲೇ. ಇಲ್ಲೊಂದು ಮೋಸವಿದೆ. 1100ರ ಮಾರ್ಚಿನಿಂದ 1300ರ ಫೆಬ್ರುವರಿಯವರೆಗೆ ಜೂಲಿಯನ್ನಿಗೂ ಗ್ರೆಗೋರಿಯನ್ನಿಗೂ ಸರಿಯಾಗಿ ಏಳು ದಿನದ ಅಂತರ. ಕ್ಯಾಲೆಂಡರ್ ತಪ್ಪಿದರೂ ವಾರ ತಾಳೆಯಾಗುತ್ತದೆ! ಹೊಯ್ಸಳರ ಬಹುಪಾಲು ಶಾಸನಗಳು ಬೀಳುವುದು ಈ ಎರಡು ಶತಮಾನಗಳಲ್ಲೇ. ಆದ್ದರಿಂದ ವಾರವೊಂದನ್ನೇ ನೆಚ್ಚದೆ ತಿಥಿಯನ್ನೂ ನೋಡಿ. ಗ್ರೆಗೋರಿಯನ್ ಮಾರ್ಚ್ 10 ಹಿಡಿದಿದ್ದರೆ ಚಂದ್ರ ಇನ್ನೂ ಬಹುಳದ ಕೊನೆಯಲ್ಲೇ ಇರುತ್ತಿದ್ದ.

ವಾರ ಒಂದು ದಿನ ತಪ್ಪಿದರೆ ಗಾಬರಿ ಬೇಡ. ದಾನ ಕೊಟ್ಟ ಹೊತ್ತಿಗೆ ನಡೆಯುತ್ತಿದ್ದ ತಿಥಿಯನ್ನು ಬರೆದಿರಬಹುದು, ಸೂರ್ಯೋದಯಕ್ಕೆ ಅದು ಇನ್ನೂ ಶುರುವಾಗಿಲ್ಲದಿರಬಹುದು. ಎರಡು-ಮೂರು ದಿನ ತಪ್ಪಿದರೆ ಹಿಂದಿನ, ಮುಂದಿನ ವರ್ಷಗಳನ್ನೂ ಅಧಿಕಮಾಸವನ್ನೂ ಪರೀಕ್ಷಿಸಿ, ಅಚ್ಚಿನ ಪಾಠ ಬಿಟ್ಟು ಕಲ್ಲಿನ ಪಡಿಯಚ್ಚನ್ನು (ಕಾಗದದ ಮೇಲೆ ಮಸಿಯಿಂದ ತೆಗೆದ ಪ್ರತಿ) ಮತ್ತೆ ಓದಿ. ಆಗಲೂ ಕೂಡದಿದ್ದರೆ "ತಿಥಿ-ವಾರ ಹೊಂದುವುದಿಲ್ಲ" ಎಂದು ಬರೆದು ಬಿಡಿ. ಹೊಂದಿಸಲೆಂದು ಪಾಠವನ್ನು ತಿದ್ದುವುದು ಅಕ್ಷಮ್ಯ.

ತಾರೀಖು ಸಿಕ್ಕ ಮೇಲೆ ಅದು ಯಾವ ಕ್ರಿಯೆಯದು ಎಂದು ಬರೆದುಕೊಳ್ಳಿ: ಪ್ರತಿಷ್ಠೆಯೋ, ದತ್ತಿಯೋ, ಜೀರ್ಣೋದ್ಧಾರವೋ. ಬೇಲೂರಿನ 1117 ಪ್ರತಿಷ್ಠೆಯದು. ಗುಡಿಯ ನವರಂಗದ (ಗರ್ಭಗುಡಿಯ ಮುಂದಿನ ಮಂಟಪ) ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳು, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದ ಸೇರ್ಪಡೆ; ಅವುಗಳ ಶಿಲ್ಪಕ್ಕೆ ಈ ತಾರೀಖನ್ನು ಹಚ್ಚುವಂತಿಲ್ಲ.