ಕಡೂರು–ಅರಸೀಕೆರೆ ಕಡೆಯ ಕಾರ್ಖಾನೆಗೆ ನೀರಿನ ಲೆಕ್ಕ

ಹಾಸನ, ಚಿಕ್ಕಮಗಳೂರು ಅಂದರೆ ಹೊರಗಿನವರ ಕಣ್ಣಿಗೆ ಬರುವುದು ಮಳೆ, ಮಂಜು, ಕಾಫಿ ತೋಟ. ಸಕಲೇಶಪುರ, ಮೂಡಿಗೆರೆ ಮಟ್ಟಿಗೆ ಅದು ಸರಿ. ಮಳೆನೆರಳಿನಲ್ಲಿರುವ ಅರಸೀಕೆರೆ, ಕಡೂರಿನಲ್ಲಿ ವರ್ಷಕ್ಕೆ 600–700 ಮಿ.ಮೀ. ಬಿದ್ದರೆ ಒಳ್ಳೆಯ ವರ್ಷ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನದು. ಮಾರ್ಚ್ ಬಂತೆಂದರೆ ಕಾರ್ಖಾನೆಯವರು ಇನ್ನೊಂದು ಬೋರ್ ಕೊರೆಸುತ್ತಾರೆ, ಇಲ್ಲವೇ ಟ್ಯಾಂಕರ್ ಕರೆಸುತ್ತಾರೆ. ಟ್ಯಾಂಕರ್ ತುಂಬುವುದೂ ಅಲ್ಲೇ ಯಾವುದೋ ತೋಟದ ಬೋರಿನಲ್ಲಿ. ಹಾಗಾಗಿ ಎರಡೂ ಒಂದೇ ನೆಲದ ನೀರು. ಕೊರೆಸುವ ಮೊದಲು ಕಾಂಪೌಂಡಿನೊಳಗೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ರಜೆಯ ರಾತ್ರಿ ಟ್ಯಾಂಕ್ ಅಳೆಯಿರಿ

ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು, ಒಂದು ಟಾರ್ಚು. ಕೆಲಸವಿಲ್ಲದ ಎರಡು ರಾತ್ರಿ ಆರಿಸಿಕೊಳ್ಳಿ. ಮೊದಲ ರಾತ್ರಿ ಓವರ್‌ಹೆಡ್ ಟ್ಯಾಂಕಿನ ಒಳಹರಿವು, ಹೊರಹರಿವು ಎರಡೂ ವಾಲ್ವ್ ಮುಚ್ಚಿ, 10 ಗಂಟೆಗೆ ನೀರಿನ ಮಟ್ಟ ಗುರುತು ಹಾಕಿ. ಬೆಳಿಗ್ಗೆ 5ಕ್ಕೆ ಮಟ್ಟ ಇಳಿದಿದ್ದರೆ ಟ್ಯಾಂಕೇ ಸೋರುತ್ತಿದೆ, ಇಲ್ಲವೇ ಹೊರಹರಿವಿನ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಎರಡನೆಯ ರಾತ್ರಿ ಹೊರಹರಿವಿನ ವಾಲ್ವ್ ಮಾತ್ರ ತೆರೆದಿಡಿ. ಈಗ ಇಳಿಯುವುದು ಪೈಪು, ನಲ್ಲಿ, ಫ್ಲಶ್ ಟ್ಯಾಂಕುಗಳ ಸೋರಿಕೆ. ಟ್ಯಾಂಕ್ 5 ಮೀಟರ್ ಉದ್ದ, 4 ಮೀಟರ್ ಅಗಲವಿದ್ದರೆ ಒಂದು ಸೆಂಟಿಮೀಟರ್ ಅಂದರೆ 200 ಲೀಟರ್. ಏಳು ಗಂಟೆಯಲ್ಲಿ 4 ಸೆಂ.ಮೀ. ಇಳಿದರೆ ದಿನಕ್ಕೆ 2,700 ಲೀಟರ್ ಯಾರೂ ಬಳಸದೆ ಹೋಗುತ್ತಿದೆ.

ಶೌಚಾಲಯದ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು, ಕಾಲು ಗಂಟೆ ಬಿಟ್ಟು ಬೇಸಿನ್ ನೋಡಿ. ಫ್ಲಶ್ ಮಾಡದೆಯೇ ನೀಲಿ ಕಂಡರೆ ವಾಷರ್ ಹೋಗಿದೆ. ಸ್ನಾನದ ಸೌಕರ್ಯವಿರುವ ಕಾರ್ಖಾನೆಗೆ ತಲೆಗೆ ದಿನಕ್ಕೆ 45 ಲೀಟರ್ ಎಂಬುದು ಭಾರತೀಯ ಮಾನಕದ ಲೆಕ್ಕ. 150 ಜನರಿಗೆ 6,750 ಲೀಟರ್ ಆಯಿತು. ನಿಮ್ಮಲ್ಲಿ 14,000 ಹೋಗುತ್ತಿದ್ದರೆ ಕೆಲಸಗಾರರನ್ನು ಬೈಯುವ ಮೊದಲು ವಾಷರ್ ಬದಲಿಸಿ.

ಮೀಟರ್ ಎಲ್ಲಿ, ಹೇಗೆ

ಪ್ರತಿ ಬೋರಿಗೆ ಒಂದು, ಟ್ಯಾಂಕರ್ ಇಳಿಸುವಲ್ಲಿ ಒಂದು, ಕೂಲಿಂಗ್ ಟವರಿಗೆ (ಯಂತ್ರದ ಬಿಸಿ ನೀರನ್ನು ತಣಿಸುವ ಗೋಪುರ), ಬಾಯ್ಲರಿಗೆ, ಆರ್‌ಒ ಘಟಕಕ್ಕೆ (ನೀರಿನ ಲವಣ ತೆಗೆಯುವ ಯಂತ್ರ), ಕ್ಯಾಂಟೀನು-ಶೌಚಾಲಯಕ್ಕೆ ಒಂದೊಂದು. ಮೆಕ್ಯಾನಿಕಲ್ ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಹತ್ತರಷ್ಟು, ನಂತರ ಐದರಷ್ಟು ನೇರ ಪೈಪು ಬೇಕು: ಎರಡು ಇಂಚಿನ ಪೈಪಾದರೆ 20 ಇಂಚು, 10 ಇಂಚು. ಬೆಂಡಿನ ಪಕ್ಕದಲ್ಲೇ ಕೂರಿಸಿದ ಮೀಟರ್ ಸುಳ್ಳು ಹೇಳುತ್ತದೆ. ಬೋರಿನ ಮರಳು ಸಿಕ್ಕಿಕೊಂಡರೆ ಒಳಗಿನ ಚಕ್ರ ನಿಧಾನವಾಗಿ, ಬಳಕೆ ಕಡಿಮೆಯಾದಂತೆ ಕಾಣುತ್ತದೆ. ಎಲ್ಲರಿಗೂ ಖುಷಿ, ಯಾರೂ ವಿಚಾರಿಸುವುದಿಲ್ಲ. ಮೀಟರಿಗೆ ಮುಂಚೆ ಒಂದು ಸ್ಟ್ರೇನರ್, ಅಂದರೆ ಮರಳು ತಡೆಯುವ ಜಾಲರಿ, ಹಾಕಿ, ತಿಂಗಳಿಗೊಮ್ಮೆ 200 ಲೀಟರಿನ ಡ್ರಮ್ಮು ಹಿಡಿದು ತಾಳೆ ನೋಡಿ. ಎರಡು ನಿಮಿಷದಲ್ಲಿ ತುಂಬಿದರೆ ಗಂಟೆಗೆ 6,000 ಲೀಟರ್. ರಿಗ್ಗಿನವರ ‘ಎರಡಿಂಚು ನೀರು’ ರಿಜಿಸ್ಟರಿನಲ್ಲಿ ಬರೆಯುವ ಲೆಕ್ಕವಲ್ಲ.

ವಾರಕ್ಕೊಮ್ಮೆ ಒಳಗೆ ಬಂದದ್ದನ್ನೂ ಬಳಕೆಯ ಮೀಟರುಗಳ ಮೊತ್ತವನ್ನೂ ಎದುರುಬದುರು ಇಡಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದಿದ್ದರೆ ನೆಲದಡಿಯ ಪೈಪು ಹುಡುಕುವ ಸಮಯ ಬಂದಿದೆ.

ಕೂಲಿಂಗ್ ಟವರ್

ದೊಡ್ಡ ಉಳಿತಾಯ ಸಾಮಾನ್ಯವಾಗಿ ಇಲ್ಲೇ. ಗಂಟೆಗೆ 100 ಘನ ಮೀಟರ್ ನೀರು ಸುತ್ತುತ್ತಾ 5 ಡಿಗ್ರಿ ತಣ್ಣಗಾಗುತ್ತಿದ್ದರೆ ಗಂಟೆಗೆ ಸುಮಾರು 765 ಲೀಟರ್ ಆವಿಯಾಗುತ್ತದೆ. ಅದನ್ನು ತಡೆಯಲಾಗದು. ಕೈಯಲ್ಲಿರುವುದು ಬ್ಲೋಡೌನ್, ಅಂದರೆ ಲವಣ ಗಟ್ಟಿಯಾದ ನೀರನ್ನು ಹೊರಬಿಡುವ ಪ್ರಮಾಣ. ಟವರಿನ ಬುಡದ ತೊಟ್ಟಿಯ, ಅಂದರೆ ಬೇಸಿನ್ನಿನ, ನೀರಿನ ಕಂಡಕ್ಟಿವಿಟಿಯನ್ನು (ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಹೊಸದಾಗಿ ಸೇರಿಸುವ ನೀರಿನದರಿಂದ ಭಾಗಿಸಿ. ಲವಣ ಎಷ್ಟು ಪಟ್ಟು ಗಟ್ಟಿಯಾಗಿದೆ ಎಂಬ ಈ ಲೆಕ್ಕಕ್ಕೆ ‘ಸುತ್ತು’ ಎನ್ನುತ್ತಾರೆ. 800ರ ನೀರು ಬೇಸಿನ್ನಿನಲ್ಲಿ 1,600 ಆಗಿದ್ದರೆ ಎರಡು ಸುತ್ತು, 3,200 ಆಗಿದ್ದರೆ ನಾಲ್ಕು. ಆವಿಯ ಪ್ರಮಾಣವನ್ನು ಸುತ್ತಿನ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿದರೆ ಬ್ಲೋಡೌನ್ ಸಿಗುತ್ತದೆ. ಎರಡು ಸುತ್ತಿಗೆ ಗಂಟೆಗೆ 765 ಲೀಟರ್, ನಾಲ್ಕಕ್ಕೆ 255. ದಿನಕ್ಕೆ 20 ಗಂಟೆ ಓಡಿದರೆ 10,000 ಲೀಟರ್ ಉಳಿಯಿತು.

ಆದರೆ ಒಮ್ಮೆಲೇ ನಾಲ್ಕಕ್ಕೆ ಹಾರಬೇಡಿ. ಇಲ್ಲಿನ ಬೋರ್ ನೀರು ಗಡಸು. ಬೇಸಿನ್ ನೀರಿನ ಸಿಲಿಕಾ 150 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ದಾಟಿದರೆ ಕಂಡೆನ್ಸರಿನಲ್ಲಿ, ಅಂದರೆ ಈ ನೀರು ಯಂತ್ರದ ಬಿಸಿ ಹೀರುವ ಭಾಗದಲ್ಲಿ, ಕೂರುವ ಗಟ್ಟಿ ಪದರವನ್ನು ಆಸಿಡ್ಡೂ ಸುಲಭವಾಗಿ ಬಿಡಿಸದು. ಅರ್ಧರ್ಧ ಸುತ್ತು ಏರಿಸುತ್ತಾ ಎರಡು ವಾರ ಕಂಡೆನ್ಸರಿನ ಉಷ್ಣತೆ ಗಮನಿಸಿ.

ಇನ್ನೊಂದು ಕಳ್ಳದಾರಿ ಇದೆ. ಪಂಪ್ ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ಬೇಸಿನ್ನಿಗೆ ಇಳಿಯುತ್ತದೆ. ಪಂಪ್ ಓಡುವಾಗಲೇ ಫ್ಲೋಟ್ ವಾಲ್ವ್ ಬೇಸಿನ್ನನ್ನು ಅಂಚಿನವರೆಗೆ ತುಂಬುವಂತಿದ್ದರೆ ಇಳಿದ ನೀರಷ್ಟೂ ಓವರ್‌ಫ್ಲೋ ಪೈಪಿನಲ್ಲಿ ಚರಂಡಿಗೆ. ಪಂಪ್ ನಿಲ್ಲಿಸಿ ಓವರ್‌ಫ್ಲೋ ಬಾಯಿ ನೋಡಿ. ನೀರು ಬಿದ್ದರೆ, ಬೀಳದಷ್ಟು ಮಟ್ಟಕ್ಕೆ ಫ್ಲೋಟ್ ತಗ್ಗಿಸಿ. ಖರ್ಚು ಏನೂ ಇಲ್ಲ.

ಬಾಯ್ಲರ್, ಆರ್‌ಒ

ಕಂಡೆನ್ಸೇಟ್, ಅಂದರೆ ಉಗಿ ತಣಿದು ಆದ ನೀರನ್ನು, ವಾಪಸು ತನ್ನಿ: ಅದು ಶುದ್ಧ ನೀರು, ಮೇಲಾಗಿ ಬಿಸಿ. ಫೀಡ್ ನೀರು (ಬಾಯ್ಲರಿಗೆ ಊಡುವ ನೀರು) 6 ಡಿಗ್ರಿ ಹೆಚ್ಚು ಬಿಸಿಯಾದರೆ ಇಂಧನ ಸುಮಾರು ನೂರಕ್ಕೆ ಒಂದು ಉಳಿಯುತ್ತದೆ. ಬಾಯ್ಲರ್ ಮಿತಿ 3,500 ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ), ಫೀಡ್ ನೀರು 500 ಇದ್ದರೆ ಬ್ಲೋಡೌನ್ ಉಗಿಯ ಸುಮಾರು ನೂರಕ್ಕೆ 17. ಅರ್ಧದಷ್ಟು ಕಂಡೆನ್ಸೇಟ್ ಬೆರೆತು ಫೀಡ್ 250ಕ್ಕೆ ಇಳಿದರೆ 8ರ ಒಳಗೆ. ಆರ್‌ಒ ಹೊರಹಾಕುವ ಲವಣದ ನೀರನ್ನು (ರಿಜೆಕ್ಟ್) ಫ್ಲಶ್ಶಿಗೆ, ನೆಲ ತೊಳೆಯಲು ಬಳಸಿ. ಗಿಡಕ್ಕೆ ಬಿಟ್ಟರೆ ಎರಡು-ಮೂರು ವರ್ಷದಲ್ಲಿ ಮಣ್ಣು ಉಪ್ಪಾಗುತ್ತದೆ. ನೀರಿನ ಗಡಸು ತೆಗೆಯುವ ಸಾಫ್ಟನರಿನ ಉಪ್ಪುನೀರಂತೂ ಮಣ್ಣಿಗೆ ತಾಕಲೇಬಾರದು.

ಛಾವಣಿ ನೀರು

2,000 ಚದರ ಮೀಟರ್ ಶೀಟಿನ ಮೇಲೆ 650 ಮಿ.ಮೀ. ಮಳೆ, ನೂರಕ್ಕೆ 85 ಸಿಕ್ಕರೆ ವರ್ಷಕ್ಕೆ 11 ಲಕ್ಷ ಲೀಟರ್. ದಿನಕ್ಕೆ 80,000 ಲೀಟರ್ ಬಳಸುವ ಕಾರ್ಖಾನೆಗೆ ಇದು ಹದಿನಾಲ್ಕು ದಿನದ ನೀರು. ಮೇಲೆ ಹೇಳಿದ ಕೂಲಿಂಗ್ ಟವರಿನ ಉಳಿತಾಯ 300 ದಿನಕ್ಕೆ 30 ಲಕ್ಷ ಲೀಟರ್. ಮಳೆಕೊಯ್ಲು ಬೇಡವೆಂದಲ್ಲ, ಫೋಟೋಕ್ಕೆ ಚೆನ್ನಾಗಿರುವ ಕೆಲಸ ಮೊದಲು, ವಾಲ್ವ್ ತಿರುಗಿಸುವ ಕೆಲಸ ಆಮೇಲೆ ಎನ್ನುವುದು ತಲೆಕೆಳಗಾದ ಕ್ರಮ. ಈ ನೀರನ್ನು ಲಾನಿಗೆ ಬಿಡಬೇಡಿ. ಇದರಲ್ಲಿ ಲವಣ ತೀರಾ ಕಡಿಮೆ, ಕೂಲಿಂಗ್ ಟವರಿಗೆ ಬೆರೆಸಿದರೆ ಸುತ್ತು ಏರಿಸಲು ಅನುಕೂಲ.

ಮೊದಲ 2 ಮಿ.ಮೀ. ಮಳೆ, ಅಂದರೆ 4,000 ಲೀಟರ್, ಧೂಳಿನ ಸಮೇತ ಹೊರಗೆ ಹೋಗಲಿ. ಗಂಟೆಗೆ 50 ಮಿ.ಮೀ. ಹೊಡೆದರೆ ಸೆಕೆಂಡಿಗೆ 28 ಲೀಟರ್ ಇಳಿಯುತ್ತದೆ. ಒಂದೆರಡು ಪೈಪು ಕೊಟ್ಟು ಕೂತರೆ ಸೂರಿನ ದೋಣಿಯಿಂದಾಚೆ ಹಾರಿ ಗೋಡೆ ನೆನೆಯುತ್ತದೆ.

ಹೆಚ್ಚಾದದ್ದನ್ನು ಬತ್ತಿದ ಬೋರಿಗೆ ಇಂಗಿಸಬಹುದು. ಕೇಸಿಂಗ್ (ಬೋರಿನ ಹೊರಪೈಪು) ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ. ಗುಂಡಿಯೊಳಗಿನ ಕೇಸಿಂಗಿನ ತಳಭಾಗಕ್ಕೆ ಸಣ್ಣ ತೂತು, ಮೇಲೆ ನೈಲಾನ್ ಜಾಲರಿ ಸುತ್ತು. ಕೆಳಗೆ ದಪ್ಪ ಕಲ್ಲು, ಅದರ ಮೇಲೆ 40 ಮಿ.ಮೀ. ಜಲ್ಲಿ, 20 ಮಿ.ಮೀ. ಜಲ್ಲಿ, ಕೊನೆಗೆ ಮರಳು. ಕೆಮ್ಮಣ್ಣಿನ ಕೆಸರು ಮರಳಿನ ಮೇಲೇ ಕೂರುತ್ತದೆ; ಪ್ರತಿ ವರ್ಷ ಮೇ ತಿಂಗಳಲ್ಲಿ ಮೇಲಿನ ಅರ್ಧ ಅಡಿ ತೆಗೆದು ಬದಲಿಸಿ. ಛಾವಣಿ ನೀರು ಮಾತ್ರ ಬಿಡಿ. ಅಂಗಳದ ಎಣ್ಣೆ ನೀರು, ಶುದ್ಧೀಕರಣ ಘಟಕದ ನೀರು ಒಂದು ಸಲ ಇಳಿದರೂ ಸುತ್ತಲಿನ ಬೋರುಗಳಿಗೆ ಹೋಗುತ್ತದೆ, ಮತ್ತೆ ತೆಗೆಯಲಾಗದು. ಕುಡಿಯುವ ನೀರಿನ ಬೋರಿನ ಕೇಸಿಂಗಿಗೆ ತೂತು ಕೊರೆಯಲೇಬೇಡಿ.

ಕಾಂಪೌಂಡಿನ ಆಚೆ

ಬೋರಿನ ಮಟ್ಟ ಪ್ರತಿ ಸೋಮವಾರ ಬೆಳಿಗ್ಗೆ, ಪಂಪು ಕನಿಷ್ಠ ಎಂಟು ಗಂಟೆ ನಿಂತ ಮೇಲೆ ಅಳೆಯಿರಿ. ಮುಂದಿನ ಸಲ ಪಂಪ್ ಎತ್ತಿದಾಗ ಪೈಪಿನ ಜೊತೆಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪೊಂದನ್ನು ಇಳಿಸಿಬಿಡಿ. ಅದಿಲ್ಲದೆ ಟೇಪು ಬಿಟ್ಟರೆ ಕೇಬಲ್ ಕ್ಲಾಂಪಿಗೆ ಸಿಕ್ಕಿ ಅಲ್ಲೇ ಉಳಿಯುತ್ತದೆ. ಪಕ್ಕದ ಎರಡು-ಮೂರು ತೆಂಗಿನ ತೋಟದವರ ಒಪ್ಪಿಗೆ ಪಡೆದು ಅವರ ಬೋರೂ ಅಳೆದು, ಎಲ್ಲವನ್ನೂ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಗೆ ಕೊಡಿ. ನೀರಿನ ಹೊಣೆಯ ಬಳಕೆಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಅಲಯನ್ಸ್ ಫಾರ್ ವಾಟರ್ ಸ್ಟೀವರ್ಡ್‌ಶಿಪ್‌ನ 2019ರ ಮಾನದಂಡ ಬೇಲಿಯೊಳಗಿನ ಲೆಕ್ಕದ ಜೊತೆ ಜಲಾನಯನದ ಲೆಕ್ಕವನ್ನೂ ಕೇಳುತ್ತದೆ. ಕಡೂರಿನ ಹಳ್ಳಗಳ ನೀರು ವೇದಾವತಿ ಹಿಡಿದು ವಾಣಿವಿಲಾಸ ಸಾಗರಕ್ಕೆ ಹೋಗುವುದು. ನಿಮ್ಮ ಕಾಂಪೌಂಡ್ ಗೋಡೆ ಕೆರೆಗೆ ಹೋಗುವ ಕಾಲುವೆಗೆ ಅಡ್ಡ ನಿಂತಿದ್ದರೆ ಮೊದಲು ಮೋರಿ ಕೊಟ್ಟು ದಾರಿ ಬಿಡಿ.

ಮಟ್ಟ ಎಷ್ಟು ಅಡಿ ಇಳಿದರೆ ಏನು ನಿಲ್ಲಿಸಬೇಕು ಎಂಬುದನ್ನು ಜನವರಿಯಲ್ಲೇ ಬರೆದು ಪಂಪ್ ಹೌಸಿನ ಗೋಡೆಗೆ ಅಂಟಿಸಿ. ಮೊದಲು ಲಾನು, ಆಮೇಲೆ ವಾಹನ ತೊಳೆಯುವುದು, ನಂತರ ನೀರು ಹೆಚ್ಚು ಕುಡಿಯುವ ಒಂದು ಪಾಳಿ. ಕೆಲಸಗಾರರ ಕುಡಿಯುವ ನೀರು, ಶೌಚಾಲಯ ಆ ಪಟ್ಟಿಯಲ್ಲಿ ಇರಬಾರದು.